ಒಳಗೆ ಬಿಡುವ ಬಟ್ಟೆ

ಕತ್ತರಿ ತಣ್ಣಗಿದೆ, ಬಟ್ಟೆಗೆ ತಾಕಿಲ್ಲ, ಇನ್ನು ತಾಕುವುದೂ ಇಲ್ಲ — ಅಜ್ಜಿ ಅದನ್ನು ಹೊಲಿಗೆ ಯಂತ್ರದ ಮೇಲಿಟ್ಟಳು, ಕೈ ಯಾಕೆ ಹೀಗೆ ಹಗುರ, ಎಲ್ಲರಿಗೂ ಹೊಲಿಯುವ ಕೈ ಮನೆಯ ಹುಡುಗಿಗೆ ಬೇಡವೇ ಅಮ್ಮ, ಮೊಮ್ಮಗಳ ಮದುವೆ ಬಟ್ಟೆ ನೀನೇ ಹೊಲಿ ಎಂದಿದ್ದ ಮಗ, ಹದಿನಾಲ್ಕೂ ತುಂಬಿಲ್ಲವಲ್ಲೋ ಎಂದರೆ, ಮುಂದಿನ ಶಾಲೆಗೆ ಎರಡು ಬಸ್ಸು ಹತ್ತಿ ಇಳೀಬೇಕು, ಹಿಂದೆ ಯಾರು ಹೋಗ್ತಾರೆ, ಜನರ ಬಾಯಿಗೆ ಬೀಗ ಹಾಕೋಕಾಗುತ್ತಾ, ಒಳ್ಳೇ ಮನೆ ತಾನಾಗಿ ಬಂದಿದೆ, ಈ ವಯಸ್ಸಿಗೇ ನಿನಗೂ ಮದುವೆ ಆಗಿತ್ತಲ್ಲ, ಏನು ಹಾಳಾದೆ — ಹಾಳಾಗಲಿಲ್ಲ, ನಿಜ, ಹಾಳಾಗದವರನ್ನೇ ಎಲ್ಲರೂ ಎತ್ತಿ ತೋರಿಸುತ್ತಾರೆ, ಹೆರಿಗೆಯಲ್ಲಿ ಹೋದ ಪಕ್ಕದ ಬೀದಿಯ ಗೆಳತಿಯನ್ನು ಯಾರು ನೆನೆಯುತ್ತಾರೆ, ತನ್ನ ಮದುವೆ ಬಟ್ಟೆಯೊಳಗೆ ಅವ್ವ ಮೂರು ಮಡಿಕೆ ಬಿಟ್ಟಿದ್ದಳು, ಬೆಳೆದ ಹಾಗೆ ಬಿಚ್ಚಿಕೋ ಮಗಳೇ, ಒಂದು ಬಿಚ್ಚಿದ್ದಾಯಿತು, ಎರಡನೆಯದನ್ನು ಬಿಚ್ಚುವ ಮೊದಲೇ ಮಡಿಲಲ್ಲಿ ಮಗು, ಆ ಮಗುವೇ ಈಗ ಲಾರಿ ಓಡಿಸಿಕೊಂಡು ಮೀಸೆ ತಿರುವಿ ತನಗೆ ಬುದ್ಧಿ ಹೇಳುವುದು.

ಇವತ್ತು ಬೆಳಿಗ್ಗೆಯೇ ಬೀಗಿತ್ತಿ, ಗಂಡಿನ ತಾಯಿ, ತಾನೇ ಬಟ್ಟೆ ಹಿಡಿದು ಬಂದಳು, ಟೇಪು ಕಂಕುಳಿಗೆ ತಾಗಿದ್ದೇ ಹುಡುಗಿ ಕಚಗುಳಿ ಅಜ್ಜೀ ಅಂತ ಕಿಲಕಿಲ, ಬೀಗಿತ್ತಿಯೂ ನಕ್ಕು, ನೋಡಿ ಇವರೇ, ಒಳಗೆ ನಾಲ್ಕು ಬೆರಳು ಬಟ್ಟೆ ಬಿಡಿ, ಮಗು ಇನ್ನೂ ಬೆಳೆಯುತ್ತೆ — ಅಂದವಳು ಅಲ್ಲೇ ನಿಂತಳು, ತನ್ನ ಮಾತು ತನಗೇ ಚುಚ್ಚಿದ ಹಾಗೆ, ಅಜ್ಜಿಯ ಬಾಯ್ತುಂಬ ಗುಂಡುಸೂಜಿ, ಒಳ್ಳೆಯದೇ ಆಯಿತು, ಬಾಯಿ ಬಿಟ್ಟಿದ್ದರೆ ಕೆಡಿಸಿಬಿಡುತ್ತಿದ್ದಳು, ಬೀಗಿತ್ತಿ ಸ್ಟೂಲಿನ ಮೇಲೆ ಕೂತು ನೀರು ಕೇಳಿ ಕುಡಿದು, ಬಾಗಿಲಲ್ಲಿದ್ದ ಮಗನಿಗೆ, ತಪ್ಪು ತಿಳೀಬೇಡಿ ತಮ್ಮಾ, ಇದು ಮಗು ಕಣಪ್ಪಾ, ಇದನ್ನ ಸೊಸೆ ಅಂತ ಹೇಗೆ ಕರಕೊಂಡು ಹೋಗಲಿ, ಹುಡುಗಿಯಲ್ಲಿ ಏನೂ ಕೊರತೆಯಿಲ್ಲ, ಬೇಡ ಅಂದಿದ್ದು ನಾನೇ ಅಂತ ಮನೆಮನೆಗೂ ಹೇಳ್ತೀನಿ — ಎಂಥ ಹೆಂಗಸು, ನಾಳೆ ಏಳುವ ಮಾತನ್ನೂ ತಾನೇ ಹೊತ್ತುಕೊಂಡು ಹೋದಳಲ್ಲ, ಮಗ ಗೋಡೆ ನೋಡಿದ, ಮೀಸೆ ಇಳಿಯಿತು, ಆಮೇಲೆ ಗೋಡೆಯನ್ನೇ ಕೇಳುವವನ ಹಾಗೆ, ಆ ಮೊದಲನೇ ಬಸ್ಸು ಎಷ್ಟೊತ್ತಿಗೆ, ಕೇಳಿದನಲ್ಲ, ಸಾಕು, ಉಸಿರು ಈಗ ಹೊಟ್ಟೆಯ ತಳದವರೆಗೂ ಇಳಿಯುತ್ತಿದೆ, ಹೊಸ್ತಿಲಲ್ಲಿ ಹುಡುಗಿ ಒಂಟಿ ಕಾಲಲ್ಲಿ ಕುಂಟುತ್ತ ಬೂಟು ಎಳೆಯುತ್ತಿದ್ದಾಳೆ, ಅಜ್ಜೀ ಶಾಲೆಗೆ ಹೊತ್ತಾಯ್ತು, ಇದು ಹೋಗ್ತಾನೇ ಇಲ್ಲ, ಬೆರಳೆಲ್ಲ ಒಳಗೆ, ಹಿಮ್ಮಡಿ ಹೊರಗೆ, ನಿನ್ನೆ ಹಿಡಿಸಿದ್ದು ಇವತ್ತು ಹಿಡಿಸುತ್ತಿಲ್ಲ, ಗುಂಡಗೆ, ಕೆಂಪಗೆ, ಹಿಮ್ಮಡಿ, ಬೂಟಿನೊಳಗೆ ಇಳಿಯಲೊಲ್ಲದ ಆ ಹಿಮ್ಮಡಿ —