ಹೆಸರುಗಳ ಹಿಂದಿನ ದನಿ

ಪರದೆಯ ಮೇಲೆ ನಾಯಕನ ಹೆಸರು ಮೂಡುವ ಮೊದಲೇ ಮುಂದಿನ ಸಾಲಿನಲ್ಲಿ ಒಂದು ಮೊಬೈಲು ಬೆಳಗಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ರಕ್ತ, ಚಾಕು, ಕತ್ತಲಲ್ಲಿ ಓಡುವ ಕಾಲುಗಳು... ವೀರಭದ್ರ ತಿಂಗಳುಗಟ್ಟಲೆ ಕೂತು ಜೋಡಿಸಿದ್ದ ಟೈಟಲ್ ದೃಶ್ಯಗಳು ಯಾರನ್ನೂ ಹಿಡಿದು ಕೂರಿಸಲಿಲ್ಲ. ಎಸ್ಪ್ಲನೇಡಿನ ಹಳೆಯ ಚಿತ್ರಮಂದಿರದಲ್ಲಿ, ಬಿಡುಗಡೆಗೆ ಮುಂಚೆ ಜನರ ನಾಡಿ ನೋಡಲು ಇಟ್ಟಿದ್ದ ಪ್ರದರ್ಶನ ಅದು.

"ಥ್ರಿಲ್ಲರ್ ಅಂದ್ರೆ ಮೊದಲ ನಿಮಿಷದಲ್ಲೇ ಜನರ ಕುತ್ತಿಗೆಗೆ ಕೈ ಹಾಕಬೇಕು," ಹೊರಗೆ ಚಹಾ ಕುಡಿಯುತ್ತ ಬಂಗಾಳಿ ನಿರ್ದೇಶಕ ಶೌಭಿಕ್ ಹೇಳಿದ. "ಶುಕ್ರವಾರ ಇನ್ನೊಂದು ಸಲ ತೋರಿಸ್ತೀವಿ. ಆಗಲೂ ಹೀಗೇ ಆದ್ರೆ ನಿನ್ನ ಟೈಟಲ್ಲನ್ನೇ ಕಿತ್ತುಹಾಕ್ತೀನಿ."

ಹಿಂದಿನ ಚಿತ್ರದಲ್ಲೂ ವೀರಭದ್ರನ ಕೆಲಸವನ್ನು ಹಾಗೇ ಕಿತ್ತಿದ್ದರು. ಇದೂ ಹೋದರೆ ಈ ಊರಿನಲ್ಲಿ ತನ್ನನ್ನು ಇನ್ಯಾರೂ ಕರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಗುರುವಾರದ ಹೊತ್ತಿಗೆ ಉಪಾಯಗಳೆಲ್ಲ ತೀರಿದ್ದವು. ಹೆಂಡತಿ ಸುಭದ್ರಾ ಸ್ನಾನಕ್ಕೆ ಹೋದಾಗ ಅವಳ ಮೊಬೈಲು ಎತ್ತಿಕೊಂಡ. ಅದರಲ್ಲಿ ಅವಳು ತಾಯಿ ಅನಸೂಯಮ್ಮನ ದನಿಯನ್ನು ಉಳಿಸಿಕೊಂಡಿದ್ದಳು. ಮರೆವಿನ ರೋಗ ಹತ್ತಿ, ಕೊನೆಕೊನೆಗೆ ಬಾಗಿಲ ಕಡೆ ನೋಡುತ್ತ ಆಕೆ ಕೇಳುತ್ತಿದ್ದ ಮಾತು: "ಯಾರದು? ಒಳಗ ಬಂದಾರೇನು? ಯಾರದು?" ಆಕೆ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಸುಭದ್ರಾ ಅದನ್ನು ಒಬ್ಬಳೇ ಇದ್ದಾಗ ಮಾತ್ರ ಕೇಳುತ್ತಿದ್ದಳು.

ವೀರಭದ್ರ ರಕ್ತ, ಚಾಕುಗಳನ್ನೆಲ್ಲ ತೆಗೆದು ಮುಚ್ಚಿದ ಬಾಗಿಲೊಂದನ್ನಷ್ಟೇ ಉಳಿಸಿದ. ಹೆಸರುಗಳ ಹಿಂದೆ ಆ ದನಿ ಇಟ್ಟ. ಹೇಳಿಬಿಡೋಣವೆಂದು ಅಡುಗೆಮನೆಯವರೆಗೂ ಹೋದವನು, ಅವಳು ಬೇಡವೆಂದರೆ ಎಂದು ಹೆದರಿ, ನೀರು ಕುಡಿದು ಮರಳಿದ. "ನಾಳೆ ನೀ ಬರಬ್ಯಾಡ, ಭಾಳ ಗದ್ದಲ ಇರತೈತಿ," ಎಂದಷ್ಟೇ ಅಂದ.

ಅವಳು ಆಫೀಸಿಗೆ ರಜೆ ಹಾಕಿ ಬಂದೇ ಬಂದಳು. ದೀಪಗಳು ಆರುವಾಗ ಪಕ್ಕದಲ್ಲಿ ಕೂತು, "ನಿಮ್ಮ ಹೆಸರು ಬರೂದು ನಾ ನೋಡಬ್ಯಾಡೇನು?" ಎಂದಳು.

ಬಾಗಿಲು ಮೂಡಿತು. "ಯಾರದು?"

ಕನ್ನಡ ಬಾರದ ಆ ಜನವೆಲ್ಲ ಒಮ್ಮೆಲೇ ಸ್ತಬ್ಧವಾಯಿತು. ಹುಡುಗಿಯೊಬ್ಬಳು ಪಕ್ಕದವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಒಂದು ಮೊಬೈಲೂ ಬೆಳಗಲಿಲ್ಲ. ಸುಭದ್ರಾ ಅವನ ಹೆಸರು ಬರುವ ಮೊದಲೇ ಎದ್ದು, ಜನರ ಮೊಣಕಾಲು ದಾಟಿಕೊಂಡು ಹೊರಗೆ ನಡೆದಳು.

ಹಿಂದೆಯೇ ಓಡಿದವನನ್ನು ಶೌಭಿಕ್ ಬಾಗಿಲಲ್ಲೇ ತಬ್ಬಿಕೊಂಡ. "ಯಾರಯ್ಯ ಆ ಮುದುಕಿ? ಯಾವ ನಟಿ?"

"ಅದನ್ನ ತೆಗೀಬೇಕು ದಾದಾ. ಕೈ ಮುಗೀತೀನಿ."

"ಹುಚ್ಚೇನು ನಿನಗೆ? ಒಳಗೆ ಒಬ್ಬರೂ ಉಸಿರು ಬಿಡ್ತಿಲ್ಲ. ಇನ್ನದನ್ನ ಯಾರೂ ಮುಟ್ಟೋ ಹಾಗಿಲ್ಲ."

ಸುಭದ್ರಾ ಬಸ್ ನಿಲ್ದಾಣದಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿದ್ದಳು.

"ಅವ್ವ ಯಾರದು ಅಂತ ಕೇಳಿದಾಗೆಲ್ಲ ನಾ ಹೇಳತಿದ್ದೆ," ಎಂದಳು, ಅವನ ಮುಖ ನೋಡದೆ. "ನಾನು ಅವ್ವಾ, ಸುಭದ್ರಾ, ಅಂತ. ಅದೂ ಇತ್ತಲ್ಲ ಅದರಾಗ. ಅದನ್ನೇನು ಮಾಡಿದ್ರಿ?"

ಆ ಉತ್ತರವನ್ನು ಅವನು ಕತ್ತರಿಸಿದ್ದ. ಉತ್ತರ ಸಿಕ್ಕರೆ ಭಯ ಉಳಿಯುತ್ತಿರಲಿಲ್ಲ.

"ಸುಭದ್ರಾ..."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಾಗ ಅವನು ಜೊತೆಜೊತೆಗೇ ಸ್ವಲ್ಪ ದೂರ ಓಡಿದ. ಗಾಜಿನಾಚೆ ಅವಳ ತುಟಿಗಳು ಯಾರಿಗೋ ಉತ್ತರ ಹೇಳುವಂತೆ ಅಲುಗುತ್ತಿದ್ದವು. ಪಕ್ಕದ ಸೀಟು ಖಾಲಿಯಿತ್ತು.