ಗಟ್ಟಿಯಾದ ನೆಲ

ಮುಂಬಯಿಯ ಚೆಂಬೂರಿನ ಆಚೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಯ ಕೆಸರಿನಲ್ಲಿ ಮೊಳಕಾಲ ತನಕ ಹೂತು ನಿಂತು ಅವ್ವ ನೀರಹುಲ್ಲು ಕೊಯ್ಯುತ್ತಿದ್ದಳು. ಹುಲ್ಲು ತಬೇಲದ ಎಮ್ಮೆಗಳಿಗೆ. ಅವಳ ಕಾಲಬೆರಳಿನ ಸಂದುಗಳು ವರ್ಷವಿಡೀ ಬಿಳಿಚಿ ಒಡೆದಿರುತ್ತಿದ್ದವು.

ಆ ಹುಲ್ಲಿಗೆ ಬೀಜ ಬೇಡ. ಗೆಣ್ಣಿರುವ ಕಾಂಡವನ್ನು ಕೆಸರಲ್ಲಿ ತುಳಿದರೆ ಸಾಕು, ಬೇರು ಬಿಡುತ್ತದೆ. ನಾವು ಕಲಬುರ್ಗಿಯಿಂದ ಬಂದ ವರ್ಷ ಆ ಜಾಗದ ಸೇಠನ ಮೇಸ್ತ್ರಿ, ಮುಕಾದಮ ಶಂಕ್ರೆಪ್ಪನೇ ಹೇಳಿದ್ದ: "ಸೇಠ್‌ಗ ಕೇಳೀನಿ. ಹುಲ್ಲ ಹಚ್ರಿ, ಮಾರ್ಕೋರಿ. ದಂಡಿಮ್ಯಾಲ ಗುಡಿಸಲಾ ಹಾಕ್ಕೋರಿ. ಈ ರಾಡಿ ಯಾರಿಗಿ ಬೇಕಾಗ್ಯದ?"

ಊರಿಂದ ಜೊತೆಗೆ ಬಂದ ಹೆಂಗಸರೆಲ್ಲ ಸಾಲಾಗಿ, ಕೈಕೈ ಹಿಡಿದು ಕಾಂಡ ತುಳಿದರು. ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಹೇಳಿದಳು.

"ಮೊದಲ ಎಲ್ಲಾ ನೀರೇ ಇತ್ತವ್ವ. ಒಂದು ಹುಲ್ಲುಕಡ್ಡಿ ಮಣ್ಣ ಹಿಡ್ಕೊಂತು. ಬಿಡಲಿಲ್ಲ. ಹಾಂಗ ಭೂಮಿ ಆಯ್ತು."

ಅವ್ವನ ಕಾಲಡಿ ಭೂಮಿ ಹುಟ್ಟುತ್ತಿದೆ ಅಂದುಕೊಂಡೆ.

ಸುಳ್ಳೇನಲ್ಲ. ಪ್ರತಿ ಮಳೆಗಾಲ ನಾಲೆ ತಂದ ಹೂಳನ್ನು ಹುಲ್ಲು ಹಿಡಿದಿಟ್ಟಿತು. ಮೊಳಕಾಲಿನ ಕೆಸರು ಹಿಮ್ಮಡಿಗಿಳಿಯಿತು. ಶಂಕ್ರೆಪ್ಪ ಬಂದಾಗಲೆಲ್ಲ ಬಿದಿರ ಗಳವನ್ನು ಕೆಸರಿಗೆ ಚುಚ್ಚಿ ನೋಡುತ್ತಿದ್ದ.

"ಏನ್ ನೋಡ್ತಿ ಅಣ್ಣಾ?"

"ಎಲ್ಲಿ ನೀ ಮುಳುಗ್ತಿ ಅಂತ ಕಾಳಜಿ, ತಂಗಿ."

ಅವ್ವ ನಕ್ಕು, ಇದ್ದ ಹಾಲನ್ನೆಲ್ಲ ಅವನ ಚಹಾಕ್ಕೇ ಹಾಕುತ್ತಿದ್ದಳು.

ತೊಂಬತ್ತೊಂದರ ಬೇಸಿಗೆಯಲ್ಲಿ ಗಳ ಇಳಿಯಲಿಲ್ಲ. ಮರುವಾರ ಲಾರಿ ಬಂತು. ಹುಲ್ಲಿನ ಮೇಲೆ ಹರಿದು, ಹೂತುಹೋಗದೆ ನಿಂತಿತು. ಹಿಂದೆ ಮುಳ್ಳುತಂತಿ, ಸೇಠನ ಆಳುಗಳು.

"ಬಿಲ್ಡಿಂಗ್ ಏಳ್ತದ. ಗುಡಿಸಲಾ ಕೀಳ್ರಿ," ಅಂದ ಶಂಕ್ರೆಪ್ಪ, ಅವ್ವನ ಮುಖ ನೋಡದೆ.

"ರಾಡಿ ಯಾರಿಗಿ ಬೇಕು ಅಂದಿದ್ದೆಲ್ಲಣ್ಣ?"

"ಈಗ ರಾಡಿ ಎಲ್ಲದ?"

"ಎಲ್ಲಿ ಹೋಯ್ತು? ಯಾರ ಕಾಲು ತುಳಿದ್ವು?"

ಅವನು ಆಳುಗಳಿಗೆ ಕೈ ಬೀಸಿದ. ಅಜ್ಜಿಯನ್ನು ಮಂಚದ ಸಮೇತ ರಸ್ತೆಗಿಟ್ಟರು. ಗುಡಿಸಲು ಬಿತ್ತು. ಅವ್ವ ತಂತಿಯಡಿ ನುಸುಳಿ ಲಾರಿಯ ಮುಂದೆ ಹುಲ್ಲಲ್ಲಿ ಕೂತಳು. ಒಬ್ಬೊಬ್ಬರಾಗಿ ಹೆಂಗಸರೆಲ್ಲ ಹೋಗಿ ಕೂತರು. ಕೈಕೈ ಹಿಡಿದಿದ್ದರು, ಅಂದು ತುಳಿದ ಹಾಗೆಯೇ.

ಆಳುಗಳು ಒಬ್ಬೊಬ್ಬರನ್ನೇ ಬಿಡಿಸಿ ಎಳೆದರು. ಅವ್ವ ಹುಲ್ಲು ಹಿಡಿದಳು. ಬೇರುಸಮೇತ ಕಿತ್ತು ಬಂತೇ ಹೊರತು ಅವಳು ಬಿಡಲಿಲ್ಲ.

ಸಂಜೆ ರಸ್ತೆಯಲ್ಲಿ, ಮಂಚದ ಕಾಲಿಗೆ ಒರಗಿ ಕೂತಿದ್ದಳು. ಮುಷ್ಟಿ ಬಿಚ್ಚಿರಲಿಲ್ಲ. ಬೇರಿನ ಮಣ್ಣು ಒಣಗಿ ಮಡಿಲಿಗೆ ಉದುರುತ್ತಿತ್ತು.

"ಅಜ್ಜಿ, ಭೂಮಿ ಆದಮ್ಯಾಲ ಆ ಹುಲ್ಲಿಂದು ಏನಾಯ್ತು?" ಅಂತ ಕೇಳಿದೆ.

ಯಾವ ಕತೆಯನ್ನೂ ಅರ್ಧಕ್ಕೆ ಬಿಡದ ಅಜ್ಜಿ, ಸೆರಗೆಳೆದು ಮುಖ ಮುಚ್ಚಿಕೊಂಡಳು.