ಹತ್ತು ಅಲೆಗಳ ಲೆಕ್ಕ

ನನ್ನ ಕೆಲಸ ನದಿ ನೋಡುವುದು. ಕೇಳಿದವರಿಗೆಲ್ಲ ಹೊಟ್ಟೆಕಿಚ್ಚು. "ಪುಣ್ಯವಂತ ಕಣಯ್ಯ, ಹರಿಯೋ ನೀರು ನೋಡೋದಕ್ಕೆ ಸಂಬಳ!" ಎನ್ನುತ್ತಾರೆ. ಅವರಿಗೇನು ಗೊತ್ತು, ನಾನು ನೋಡುವುದು ನೀರನ್ನಲ್ಲ, ಸೇತುವೆಯ ಮೂರನೇ ಕಂಬದ ಮೇಲೆ ಬರೆದಿರುವ ಕಪ್ಪು ಬಿಳುಪಿನ ಅಳತೆಪಟ್ಟಿಯನ್ನು. ಬೆಳಿಗ್ಗೆ ಏಳಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ. ನೀರು ಎಷ್ಟನೇ ಸೆಂಟಿಮೀಟರಿಗೆ ಮುಟ್ಟಿದೆಯೋ ಅದನ್ನು ಪುಸ್ತಕದಲ್ಲಿ ಬರೆದು ಕಚೇರಿಗೆ ಫೋನಿನಲ್ಲಿ ಹೇಳಿದರೆ ಮುಗಿಯಿತು. ನೀರು ಒಂದೇ ಕಡೆ ನಿಲ್ಲುವುದಿಲ್ಲವಾದ್ದರಿಂದ ಒಂದು ನಿಯಮವಿದೆ. ಹತ್ತು ಅಲೆ ಬಂದುಹೋಗುವ ತನಕ ಕಾಯಬೇಕು; ಅತಿ ಮೇಲೆ ಮುಟ್ಟಿದ್ದನ್ನೂ ಅತಿ ಕೆಳಗಿಳಿದದ್ದನ್ನೂ ನೋಡಿಕೊಂಡು ನಡುವಿನ ಅಂಕಿ ಬರೆಯಬೇಕು. ಇಪ್ಪತ್ತಾರು ವರ್ಷಗಳಲ್ಲಿ ಒಂಬತ್ತನೇ ಅಲೆಗೆ ನಾನು ಎದ್ದವನಲ್ಲ. ಕಚೇರಿಯವರು ನನ್ನನ್ನು 'ಸೆಂಟಿಮೀಟರು' ಎಂದು ಕರೆಯುವುದು ಗೇಲಿಗೆ. ನಾನು ಅದನ್ನು ಬಿರುದು ಎಂದೇ ತಿಳಿದಿದ್ದೇನೆ.

ಇಷ್ಟು ಜಂಬ ಕೊಚ್ಚಿಕೊಂಡವನು ಒಂದು ನಿಜವನ್ನೂ ಹೇಳಿಬಿಡಬೇಕು. ನನಗೆ ನೀರೆಂದರೆ ಭಯ. ಸೊಂಟದ ಮಟ್ಟ ದಾಟಿದರೆ ಕೈಕಾಲು ತಣ್ಣಗಾಗುತ್ತವೆ. ಅಡುಗೆಯವನಿಗೆ ಒಲೆ ಕಂಡರೆ ಭಯವಂತೆ ಎಂದರೆ ಯಾರಾದರೂ ನಗದೆ ಇರುತ್ತಾರೆಯೇ? ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

ಹೆಂಡತಿ ಶಾಲೆಯ ಬಸ್ಸು ಓಡಿಸುತ್ತಾಳೆ. ನಲವತ್ತು ಮಕ್ಕಳ ಕಿರುಚಾಟವನ್ನು ಬೆನ್ನಿಗೆ ಹಾಕಿಕೊಂಡು, ಕಡಿದಾದ ತಿರುವಿನಲ್ಲಿ ಒಂದೇ ಕೈಯಲ್ಲಿ ಗೇರು ಬದಲಿಸುವವಳು. ಅವಳಿಗೆ ಆರು ವರ್ಷದಿಂದ ಒಂದೇ ಹಟ. ವಸಂತದಲ್ಲಿ ಬೆಟ್ಟದ ಹಿಮ ಕರಗಿ ನಮ್ಮ ನದಿ ತುಂಬಿ ಓಡುತ್ತದಲ್ಲ, ಆಗ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕಮರಿಯ ಮೂಲಕ ಇಳಿಯಬೇಕು. ಕಮರಿ ಇರುವುದು ನನ್ನ ಸೇತುವೆಯಿಂದ ಬರೇ ನಾಲ್ಕು ಕಿಲೋಮೀಟರು ಕೆಳಗೆ. "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನಮ್ಮ ಕತೆ. ಎಲ್ಲೆಲ್ಲಿಂದಲೋ ಜನ ಬರ್ತಾರೆ, ನಾವು ಮಾತ್ರ ಸೇತುವೆ ಮೇಲೆ ನಿಂತು ಕೈ ಬೀಸ್ತೀವಿ" ಎನ್ನುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾನು ಪ್ರತಿ ವಸಂತಕ್ಕೂ ಒಂದು ನೆಪ ಹೇಳಿದೆ. ಒಮ್ಮೆ ಸೊಂಟ ನೋವು, ಒಮ್ಮೆ ರಜೆ ಇಲ್ಲ, ಇನ್ನೊಮ್ಮೆ ಮನೆಗೆ ಸುಣ್ಣ ಹೊಡೆಸಬೇಕು.

ಈ ವಸಂತಕ್ಕೆ ನೆಪಗಳು ಮುಗಿದಿದ್ದವು. ಅದಕ್ಕಿಂತ ಹೆಚ್ಚಾಗಿ, ಕಮರಿಯಲ್ಲಿ ದೋಣಿ ನಡೆಸುವ ಒಬ್ಬಳೇ ಒಬ್ಬಳು ಹೆಂಗಸಿಗೆ ಭುಜದ ಕೀಲು ಸವೆದುಹೋಗಿತ್ತು. ಈ ತಿಂಗಳ ಕೊನೆಯ ಭಾನುವಾರ ಆದಮೇಲೆ ದೋಣಿಗಳನ್ನು ಮಾರಿಬಿಡುತ್ತಾಳಂತೆ. ಹೆಂಡತಿ ಆ ಭಾನುವಾರಕ್ಕೇ ನಾಲ್ಕು ಜಾಗ ಹಿಡಿದುಬಿಟ್ಟಳು. ನಾವಿಬ್ಬರು, ಅವಳ ತಮ್ಮ, ತಮ್ಮನ ಹೆಂಡತಿ.

ಆಮೇಲೆ ನಮ್ಮ ಹಾಲ್ ಹಾಲ್ ಆಗಿ ಉಳಿಯಲಿಲ್ಲ. ಸೋಫಾ ಗೋಡೆಗೆ ಒತ್ತಿತು. ನೆಲದ ಮೇಲೆ ಅಂಟುಪಟ್ಟಿಯಿಂದ ದೋಣಿಯ ಆಕಾರ ಬರೆದು, ಸುತ್ತ ದಿಂಬುಗಳನ್ನಿಟ್ಟು, ಅವುಗಳ ಮೇಲೆ ನಮ್ಮನ್ನು ಕೂರಿಸಿದಳು. ಹುಟ್ಟಿನ ಬದಲು ಎರಡು ಪೊರಕೆ, ನೆಲ ಒರೆಸುವ ಒಂದು ಕೋಲು, ನನ್ನ ಪಾಲಿಗೆ ಜೇಡರ ಬಲೆ ತೆಗೆಯುವ ಉದ್ದನೆಯ ಬಡಿಗೆ. "ಮುಂದೆ!" ಎಂದರೆ ಹುಟ್ಟು ಹಾಕಬೇಕು, "ಹಿಂದೆ!" ಎಂದರೆ ತಿರುಗಾಮುರುಗಾ, "ಒಳಗೆ!" ಎಂದರೆ ದೋಣಿಯೊಳಗೆ ಕುಸಿದು ಹಗ್ಗ ಹಿಡಿಯಬೇಕು.

ಅವಳ ತಮ್ಮ ಕ್ಷೌರಿಕ, ಬಾಯಿ ಕತ್ತರಿಗಿಂತ ಚುರುಕು. "ಭಾವ, ಆ ಬಡಿಗೆಯಲ್ಲಿ ನೀವು ನದಿ ದಾಟೋದಿಲ್ಲ, ಫ್ಯಾನಿನ ಧೂಳು ತೆಗೀತೀರಿ ಅಷ್ಟೇ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೋಗುವುದಕ್ಕೆ ಒಂದು ವಾರ ಮುಂಚೆ ದೋಣಿಯವಳು ನಮ್ಮನ್ನು ಕಮರಿಯ ದಂಡೆಗೆ ಕರೆದೊಯ್ದಳು. ಕಾಣದ ನೀರಿಗೆ ಯಾರನ್ನೂ ಇಳಿಸುವುದಿಲ್ಲ ಎಂಬುದು ಅವಳ ಕಟ್ಟುಪಾಡು. ಆಳು ಗೇಣುದ್ದ, ಮಾತು ಮಾತ್ರ ಆಚೆ ದಡಕ್ಕೆ ಕೇಳಿಸುವಂಥದ್ದು. ಇಪ್ಪತ್ತಾರು ವರ್ಷ ಆ ನದಿಯ ಪಕ್ಕದಲ್ಲೇ ಇದ್ದೂ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕಾಲುಹಾದಿ ತಿರುಗುವ ಮೊದಲೇ ಸದ್ದು ಬಂತು. ಬಂದದ್ದು ಕಿವಿಗಲ್ಲ, ಪಾದಕ್ಕೆ. ನೆಲ ಸಣ್ಣಗೆ ನಡುಗುತ್ತಿತ್ತು. ತಿರುವು ದಾಟಿ ನೋಡಿದವನು ಅಲ್ಲೇ ನಿಂತುಬಿಟ್ಟೆ.

ನನ್ನ ಸೇತುವೆಯ ಕೆಳಗೆ ಸಾಧು ಹಸುವಿನಂತೆ ಸಾಗುವ ಅದೇ ನೀರು, ಇಲ್ಲಿ ಎರಡು ಬಂಡೆಗಳ ನಡುವೆ ಸಿಕ್ಕಿ, ಮೇಲೆದ್ದು, ತನ್ನ ಮೇಲೆ ತಾನೇ ಬಿದ್ದು, ಬೆಳ್ಳಗೆ ಕುದಿಯುತ್ತಿತ್ತು. ಬಂಡೆಯ ಕೆಳಗೆ ಒಂದು ಅಲೆ ಮನೆಯ ಬಾಗಿಲಿನಷ್ಟು ಎತ್ತರಕ್ಕೆ ಎದ್ದಿತ್ತು. ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಎದ್ದಲ್ಲೇ ಇತ್ತು.

"ಅದು ಬೀಳಲ್ಲ ಸಾರ್," ಎಂದು ದೋಣಿಯವಳು ನನ್ನ ಕಿವಿಯ ಹತ್ತಿರ ಕೂಗಿದಳು. "ಸಮುದ್ರದಲ್ಲಿ ಅಲೆ ಓಡುತ್ತೆ, ನೀರು ಇದ್ದಲ್ಲೇ ಇರುತ್ತೆ. ಇಲ್ಲಿ ನೀರು ಓಡುತ್ತೆ, ಅಲೆ ಇದ್ದಲ್ಲೇ ಇರುತ್ತೆ. ನಾನು ಬಂದು ಹದಿನೆಂಟು ವರ್ಷ ಆಯ್ತು. ಪ್ರತಿ ವಸಂತಕ್ಕೂ ಇದು ಇದೇ ಜಾಗದಲ್ಲಿ ಏಳುತ್ತೆ."

ಮೇಲಿನಿಂದ ಒಂದು ಮರದ ದಿಮ್ಮಿ ತೇಲಿಬಂತು. ಇಬ್ಬರು ಹೊರಲಾಗದಷ್ಟು ದಪ್ಪ. ಅಲೆ ಅದನ್ನು ನುಂಗಿತು. ನಾನು ಅಭ್ಯಾಸಬಲದಿಂದ ಎಣಿಸಿದೆ. ಹನ್ನೊಂದಕ್ಕೆ ಅದು ಅಷ್ಟು ದೂರದಲ್ಲಿ ನೆಟ್ಟಗೆ ಮೇಲೆದ್ದು, ಮತ್ತೆ ಮಲಗಿ, ಏನೂ ಆಗದಂತೆ ಹೊರಟುಹೋಯಿತು.

ಆ ಬೆಳಿಗ್ಗೆ ನಾನು ಬರೆದಿದ್ದ ಅಂಕಿ ನೂರ ಅರವತ್ತೈದು. ಪುಸ್ತಕದ ಒಂದು ಮನೆಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದ ಆ ಅಂಕಿಯ ಅರ್ಥ ಇದು! ಇಷ್ಟು ವರ್ಷ ನಾನು ಇದನ್ನು ಬರೆಯುತ್ತಿದ್ದೆನೇ? ಮೈ ಜುಮ್ಮೆಂದಿತು. ಭಯವಾಯಿತು, ನಿಜ. ಭಯದ ಜೊತೆಗೆ ಇನ್ನೇನೋ ಇತ್ತು, ದೊಡ್ಡವರ ಎದುರು ತಾನಾಗಿ ತಲೆ ಬಾಗುತ್ತದಲ್ಲ, ಅಂಥದ್ದು. ಪಕ್ಕಕ್ಕೆ ನೋಡಿದರೆ ಹೆಂಡತಿಯ ಬಾಯಿ ತೆರೆದೇ ಇತ್ತು.

ಹೊರಡುವಾಗ ದೋಣಿಯವಳು ಹೇಳಿದಳು: "ನಿಮ್ಮ ಸೇತುವೆ ಅಳತೇನೇ ನನಗೆ ಪ್ರಮಾಣ. ಹೊಸಬರನ್ನ ನಾನು ನೂರೆಂಬತ್ತರ ತನಕ ಇಳಿಸ್ತೀನಿ. ಒಂದು ಸೆಂಟಿಮೀಟರ್ ಜಾಸ್ತಿ ಅಂದ್ರೂ ಇಲ್ಲ. ಭಾನುವಾರ ಏಳಕ್ಕೆ ಫೋನ್ ಮಾಡಿ ಸಾರ್, ನೀವು ಹೇಳಿದ್ದೇ ಕೊನೆ ಮಾತು."

ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು.

ಆ ವಾರ ಬಿಸಿಲು ಚುರುಕಾಯಿತು, ಹಿಮ ಕರಗಿತು. ನೂರ ಅರವತ್ತೊಂಬತ್ತು, ನೂರ ಎಪ್ಪತ್ತೆರಡು, ನೂರ ಎಪ್ಪತ್ತಾರು. ಏರು ಎಂದು ನಾನು ಹಾರೈಸಿದೆ, ಏರಬೇಡ ಎಂದು ಅವಳು.

ಭಾನುವಾರ ನಾನು ಕಂಬದ ಬುಡದ ಕಟ್ಟೆಗಿಳಿದು ಪಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಹೆಂಡತಿ ಮೇಲೆ ಸೇತುವೆಯ ಕಂಬಿಗೆ ಒರಗಿ ನಿಂತಿದ್ದಳು. ಮೊದಲ ಅಲೆ ನೂರೆಂಬತ್ತಾರನ್ನು ಮುಟ್ಟಿತು. ಎದೆ ಹಗುರಾಯಿತು. ಇಳಿದಾಗ ನೂರೆಂಬತ್ತು. ಎರಡನೆಯದು ಸ್ವಲ್ಪ ಕಡಿಮೆ. ಮೂರನೆಯದು ಮತ್ತೆ ಮೊದಲಿನಷ್ಟೇ. ನಾನು ಎದ್ದುಬಿಟ್ಟೆ.

ಸುಳ್ಳು ಹೇಳಿದೆನೇ? ಕಣ್ಣಿಗೆ ಕಂಡದ್ದನ್ನೇ ಕೂಡಿ ಭಾಗಿಸಿದೆ. ಕಾಯಲಿಲ್ಲ, ಅಷ್ಟೇ. ಇಪ್ಪತ್ತಾರು ವರ್ಷ ಸಾಚಾ ಆಗಿದ್ದವನಿಗೆ ಸುಳ್ಳು ಹೇಳಲೂ ನೆಟ್ಟಗೆ ಬರಲಿಲ್ಲ. ಕಚೇರಿಗೆ ಫೋನಿನಲ್ಲಿ "ನೂರ ಎಂಬತ್ತಮೂರು" ಎಂದೆ. ದೋಣಿಯವಳಿಗೂ ಅದನ್ನೇ ಹೇಳಿದೆ.

"ಸರಿ ಸಾರ್. ಅಕ್ಕನಿಗೆ ಹೇಳಿಬಿಡಿ, ಪಾಪ, ತುಂಬ ಆಸೆ ಇಟ್ಕೊಂಡಿದ್ರು" ಎಂದಳು. ಮರುಪ್ರಶ್ನೆಯಿಲ್ಲ, ಅನುಮಾನವಿಲ್ಲ. ಆ ನಂಬಿಕೆಯೇ ಕೆನ್ನೆಗೆ ಹೊಡೆದಂತಾಯಿತು.

ತಲೆಯೆತ್ತಿದರೆ ಹೆಂಡತಿ ಮೆಟ್ಟಿಲಿಳಿದು ಬರುತ್ತಿದ್ದಳು. ನನ್ನನ್ನು ದಾಟಿ ಹೋಗಿ ಪಟ್ಟಿಯ ಮುಂದೆ ಕೂತಳು. ಹಿಂದೊಮ್ಮೆ ನನಗೆ ಹನ್ನೊಂದು ದಿನ ಜ್ವರ ಬಂದಾಗ ನನ್ನ ಬದಲು ಅಳತೆ ಬರೆದವಳು ಅವಳೇ. ಬೆರಳು ಮಡಚಿ ಎಣಿಸಿದಳು. ನಾನು ಕಲ್ಲಿನಂತೆ ನಿಂತಿದ್ದೆ. ಹತ್ತು ಮುಗಿಯಲು ಒಂದು ಯುಗ ಹಿಡಿಯಿತು.

"ಮೇಲೆ ನೂರೆಂಬತ್ತಾರು. ಕೆಳಗೆ ನೂರ ಎಪ್ಪತ್ತೆರಡು," ಎಂದಳು ಎದ್ದು. "ನೂರ ಎಪ್ಪತ್ತೊಂಬತ್ತು. ಏಳನೇ ಅಲೆ ಆದಮೇಲೆ ಅಷ್ಟು ಕೆಳಗಿಳೀತು. ನೀವು ಮೂರಕ್ಕೇ ಎದ್ರಿ, ನಾನು ಮೇಲಿಂದ ನೋಡ್ತಿದ್ದೆ."

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಕೂಗಾಡಲಿಲ್ಲ.

"ಯಾಕ್ರೀ?"

"ಭಯ," ಎಂದೆ. ಆ ಎರಡಕ್ಷರ ಬಾಯಿಂದ ಹೊರಡಲು ಮೂವತ್ತು ವರ್ಷದ ದಾಂಪತ್ಯ ಬೇಕಾಯಿತು. "ನೀರಂದ್ರೆ ನನಗೆ ಮೊದಲಿಂದಲೂ ಭಯ."

ಅವಳು ನಗಲಿಲ್ಲ. ತುಸು ಹೊತ್ತು ನೀರನ್ನೇ ನೋಡಿದಳು. "ಬರೋದು ಬಿಡೋದು ನಿಮ್ಮಿಷ್ಟ. ನಾನು ಬಲವಂತ ಮಾಡಲ್ಲ. ಅಂಕಿ ಮಾತ್ರ ಸರಿ ಮಾಡಿ. ಅದು ನಿಮ್ಮದು" ಎಂದು ಮೇಲೆ ಹೋದಳು.

ಕಚೇರಿಯ ಗುಮಾಸ್ತನಿಗೆ ಮೊದಲು ನಂಬಿಕೆಯೇ ಬರಲಿಲ್ಲ. "ಸೆಂಟಿಮೀಟರೇ ತಪ್ಪಿದ್ರೆ ನಮ್ಮಂಥವರ ಪಾಡೇನು ಸಾರ್?" ಎಂದು ನಕ್ಕು ತಿದ್ದಿಕೊಂಡ. ದೋಣಿಯವಳಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿದೆ, ಭಯವನ್ನೂ ಸೇರಿಸಿ. ಅವಳು "ಒಂಬತ್ತರೊಳಗೆ ಬನ್ನಿ. ಮಧ್ಯಾಹ್ನ ಆದ್ರೆ ನೀರು ಏರುತ್ತೆ" ಎಂದಷ್ಟೇ ಅಂದಳು.

ಹೆಂಡತಿ ಕಾರಿನಲ್ಲಿ ಎಂಜಿನ್ ಶುರು ಮಾಡಿ ಕೂತಿದ್ದಳು. ಪಕ್ಕದ ಬಾಗಿಲು ತೆರೆದಿತ್ತು. ಹೋಗಿ ಕೂತೆ. ಧೈರ್ಯ ಬಂದು ಕೂತದ್ದಲ್ಲ. ಅವಳನ್ನು ಒಬ್ಬಳೇ ಕಳಿಸಿ ದಂಡೆಯ ಮೇಲೆ ನಿಂತು ಎಣಿಸುವುದು ಇನ್ನೂ ದೊಡ್ಡ ಭಯವಾಗಿತ್ತು.

ನಮ್ಮ ದೋಣಿ ಕಮರಿಯ ಬಾಯಿಗೆ ಬರುವಾಗ ನದಿ ಒಮ್ಮೆಲೇ ಸದ್ದಡಗಿ ನಯವಾಯಿತು. ಮುಂದೆ ನೀರು ಮುಗಿದು ಆಕಾಶ ಮಾತ್ರ ಕಾಣುತ್ತಿತ್ತು. ಎಡಗಡೆ ಹೆಂಡತಿ, ಹಿಂದೆ ಭಾವಮೈದ ಮತ್ತು ಅವನ ಹೆಂಡತಿ, ಹಿಂತುದಿಯಲ್ಲಿ ದೋಣಿಯವಳು. ಕ್ಷೌರಿಕನ ಬಾಯಿ ಜನ್ಮದಲ್ಲಿ ಮೊದಲ ಸಲ ಮುಚ್ಚಿತ್ತು. "ಮುಂದೆ!" ಎಂದು ಕೂಗು ಬಂತು, "ಮುಂದೆ, ಮುಂದೆ!" ಆಮೇಲೆ ದೋಣಿಯ ಮೂತಿ ತಗ್ಗಿತು, ಆ ನಿಂತ ಅಲೆ ನನ್ನ ಮುಖದೆದುರು ಇತ್ತು. ಹಸಿರು. ದಂಡೆಯಿಂದ ಬಿಳುಪಾಗಿ ಕಂಡದ್ದು ಹತ್ತಿರದಲ್ಲಿ ಗಾಜಿನಂಥ ಹಸಿರು, ಅದರೊಳಗೆ ಬಿಸಿಲು. ಇಷ್ಟು ಚೆಲುವಾದದ್ದನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. "ಒಳಗೆ!" ಎಂದಳು ದೋಣಿಯವಳು. ಬಿದ್ದೆವು. ನದಿ ನಮ್ಮನ್ನು ಮುಚ್ಚಿತು, ಎತ್ತಿತು, ಎಲ್ಲಿಯೋ ಇಟ್ಟಿತು.

ಕಣ್ಣು ಬಿಟ್ಟಾಗ ದೋಣಿ ಬಂಡೆಯ ನೆರಳಿನ ಮಡುವಿನಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಐವರೂ ಇದ್ದೆವು. ಹೆಂಡತಿ ಅಳುತ್ತಿದ್ದಳು. ತನ್ನ ತಾಯಿ ಹೋದಾಗಲೂ ನಾಲ್ಕು ಜನರೆದುರು ಕಣ್ಣೀರು ಹಾಕದವಳು. ನನ್ನ ತೋಳನ್ನು ಹಿಡಿದಿದ್ದಳು. ಉಗುರು ಚರ್ಮಕ್ಕೆ ಇಳಿದಿತ್ತು.

"ಭಯ ಆಯ್ತೇನೇ?" ಎಂದೆ.

"ಆರು ವರ್ಷದಿಂದ ಆಗ್ತಿದೆ," ಎಂದಳು. "ಧೈರ್ಯ ಇದ್ದಿದ್ರೆ ನಾನೊಬ್ಬಳೇ ಯಾವತ್ತೋ ಬಂದಿರ್ತಿದ್ದೆ ಕಣ್ರೀ. ಇಲ್ಲದ್ದಕ್ಕೇ ನಿಮ್ಮನ್ನ ಕರೀತಿದ್ದೆ."

ಆರು ವರ್ಷ, ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಮಲಗಿ, ಒಂದೇ ನೀರಿಗೆ ಇಬ್ಬರೂ ಬೇರೆ ಬೇರೆಯಾಗಿ ಹೆದರಿದ್ದೆವು. ಅವಳ ಒದ್ದೆ ಕೈಯ ಮೇಲೆ ನನ್ನ ಕೈ ಇಟ್ಟೆ, ದೋಣಿಯವಳು ಮುಂದಿನ ಕೂಗು ಕೊಡುವ ತನಕ ಹಾಗೇ ಕೂತಿದ್ದೆವು.